ಹಗಲಲ್ಲಿ ಬಂದ ಕ್ರಿಸ್ಮಸ್ ಪಪ್ಪ

ದೀಪಾವಳಿಯ ಪಟಾಕಿ ಸದ್ದು ಅಡಗಿ, ಕಡಬದ ಪೇಟೆಯ ಮೇಲೆ ಬೆಳಗಿನ ಮಂಜು ಇಳಿಯಲು ಶುರುವಾಯಿತೆಂದರೆ ಧರ್ಮಪಾಲಣ್ಣ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನನ್ನ ಅಂಗಡಿಗೆ ಬರುತ್ತಾರೆ. ಚೀಲದೊಳಗೆ ಕೆಂಪು ನಿಲುವಂಗಿ, ಕೆಂಪು ಪ್ಯಾಂಟು, ಬಿಳಿ ಅಂಚಿನ ಟೊಪ್ಪಿ. ಮೊದಲು ಅದನ್ನು ಹೊಲಿದುಕೊಟ್ಟವಳು ನಾನು. ಆಮೇಲೆ ವರ್ಷ ವರ್ಷ ಅದರ ಹೊಟ್ಟೆ ಬಿಚ್ಚಿ ಅಗಲ ಮಾಡುತ್ತ ಬಂದವಳೂ ನಾನೇ. ಬದಿಯಲ್ಲಿ ಮಡಚಿಟ್ಟಿದ್ದ ಬಟ್ಟೆ ಎಂದೋ ಮುಗಿದು, ಈಗ ಎರಡೂ ಪಕ್ಕಕ್ಕೆ ಬೇರೆ ಪಟ್ಟಿ ಸೇರಿಸುತ್ತಿದ್ದೇನೆ.

"ಬಟ್ಟೆ ಕುಗ್ಗಿದೆ ಝುಹ್ರಾ," ಎನ್ನುತ್ತಾರೆ ಪ್ರತಿ ಸಲ.

"ಹೌದು ಹೌದು, ಬಟ್ಟೆಯೇ ಕುಗ್ಗಿದ್ದು. ಕೈ ಎತ್ತಿ ನಿಲ್ಲಿ ಈಗ," ಎನ್ನುತ್ತೇನೆ ನಾನು.

ನಾನು ಫಾತಿಮತ್ ಝುಹ್ರಾ. ಹೆಂಗಸರ ಬಟ್ಟೆ ಹೊಲಿಯುವವಳು. ಗಂಡಸರ ಬಟ್ಟೆ ತೆಗೆದುಕೊಳ್ಳುವುದಿಲ್ಲ ಎಂದು ಬೋರ್ಡಿನಲ್ಲೇ ಬರೆಸಿದ್ದೇನೆ. ಧರ್ಮಪಾಲಣ್ಣನ ಕೆಂಪು ಅಂಗಿ ಗಂಡಸರ ಬಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ, ಅದು ಕ್ರಿಸ್ಮಸ್ ಪಪ್ಪನದ್ದು. ನನ್ನ ಅಂಗಡಿಗೆ ತಾಗಿ ಅವರ ಪಂಪ್ ರಿಪೇರಿ ಅಂಗಡಿ. ನಡುವೆ ಒಂದು ತೆಳು ಗೋಡೆ. ಆ ಕಡೆಯಿಂದ ಸುಟ್ಟ ವಾರ್ನಿಷಿನ ವಾಸನೆ, ಈ ಕಡೆಯಿಂದ ನನ್ನ ಮಿಷನ್ನಿನ ಸದ್ದು, ಹೀಗೆ ನಮ್ಮ ನೆರೆಹೊರೆ ನಡೆದಿದೆ. ಅವರ ಕಥೆಯನ್ನು ಬೇರೆ ಯಾರಾದರೂ ಬರೆಯಲಿ ಎಂದು ಕಾದೆ. ಊರಿನ ಬರೆಯುವವರಿಗೆಲ್ಲ ಸನ್ಮಾನ ಮಾಡಿಸಿಕೊಂಡವರೇ ಬೇಕು. ಹಾಗಾಗಿ ನಾನೇ ಕೂತೆ.

ಧರ್ಮಪಾಲಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಫೇಲು. ಮತ್ತೆ ಕಟ್ಟಿದರು, ಮತ್ತೆ ಫೇಲು. ಪುತ್ತೂರಿಗೆ ಹೋಗಿ ಮೋಟಾರ್ ವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ, ಕಲಿತು ಬಂದರು. ಆದರೆ ಅವರ ಅಂಗಡಿಗೆ ಪಂಪು ತಂದವರಿಗೆ ಇಂಗ್ಲೆಂಡಿನ ಚಳಿ ತಾಗದೆ ಹೋಗುವುದಿಲ್ಲ. ನಮ್ಮ ಸೆಖೆಯಲ್ಲಿ ಬನಿಯನ್ ಹಾಕಿ ಕೂತು ಆ ಮನುಷ್ಯ ಹಿಮದ ಮಾತೇ ಆಡುವುದು.

"ನನ್ನ ಮೋಟಾರು ಎಲ್ಲಿಗೆ ಮುಟ್ಟಿತು ಧರ್ಮಪಾಲ?" ಎಂದು ತೋಟದ ಮಹಾಗಣಪತಿ ಭಟ್ಟರು ಕೇಳಿದರೆ, "ಸ್ನೋಡ್ ಅಂಡರ್ ಭಟ್ರೇ, ಸ್ನೋಡ್ ಅಂಡರ್! ನೀರು ಬಿಡುವ ಸಮಯಕ್ಕೇ ಎಲ್ಲರ ಪಂಪು ಸುಡುದು," ಎನ್ನುತ್ತಾರೆ. ಹಿಮದಡಿ ಹೂತುಹೋದಷ್ಟು ಕೆಲಸ ಎಂದು ಅರ್ಥ. ಮೋಟಾರು ಬಿಚ್ಚಿ ನೋಡಿ, "ಮೇಲೆ ಕಂಡದ್ದು ಬೇರಿಂಗ್ ಮಾತ್ರ. ಅದು ಟಿಪ್ ಆಫ್ ದ ಐಸ್‌ಬರ್ಗ್. ಅಡಿಯಲ್ಲಿ ವೈಂಡಿಂಗ್ ಇಡೀ ಹೋಗಿದೆ," ಎನ್ನುತ್ತಾರೆ. ಸಮುದ್ರದಲ್ಲಿ ತೇಲುವ ನೀರ್ಗಲ್ಲ ಗುಡ್ಡೆಯ ತುದಿಯಷ್ಟೇ ಹೊರಗೆ ಕಾಣುವುದು, ಉಳಿದದ್ದೆಲ್ಲ ನೀರಿನಡಿ ಎಂದು ಬಂದವರಿಗೆಲ್ಲ ವಿವರಿಸುತ್ತಾರೆ. "ಐಸೋ ಬೆಂಕಿಯೋ, ನಾಡಿದ್ದು ಕೊಟ್ಟರಾಯ್ತು," ಎಂದು ಭಟ್ಟರು ಹೊರಡುತ್ತಾರೆ. ಹೆಂಡತಿ ಪಂಕಜಾಕ್ಷಿಯ ಜೊತೆ ಜಗಳವಾದ ದಿನ ಬುತ್ತಿ ಇರುವುದಿಲ್ಲ. "ಇವತ್ತು ಮನೆಯಲ್ಲಿ ಕೋಲ್ಡ್ ಶೋಲ್ಡರ್," ಎಂದು ಹೋಟೆಲಿಗೆ ನಡೆಯುತ್ತಾರೆ. ಮುಖ ತಿರುಗಿಸಿದ್ದಾಳೆ ಎನ್ನುವುದಕ್ಕೆ ಅಷ್ಟು ಚಂದದ ಮಾತು.

ಇನ್ನೊಂದು ವಿಷಯ ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ವಯರಿನ ಮೇಲಿನ ಪ್ಲಾಸ್ಟಿಕ್ ಸುಲಿಯಲು ಅವರು ಕಟ್ಟರ್ ಮುಟ್ಟುವುದಿಲ್ಲ. ಹಲ್ಲಲ್ಲಿ ಕಚ್ಚಿ ಎಳೆಯುತ್ತಾರೆ. ಎಳೆದೂ ಎಳೆದೂ ಎದುರಿನ ಒಂದು ಹಲ್ಲಿನಲ್ಲಿ ಪುಟ್ಟ ಕಚ್ಚು ಬಿದ್ದಿದೆ, ವಯರು ಸರಿಯಾಗಿ ಅದರಲ್ಲೇ ಕೂರುತ್ತದೆ. ಮಾತಿನ ನಡುವೆ ವಯರು ಬಾಯಿಗೆ ಹೋದರೆ ಮಾತು ಅಲ್ಲೇ ನಿಲ್ಲುತ್ತದೆ. ಉಳಿದರ್ಧ ಕೇಳಲು ನಾವು ಕಾಯಬೇಕು. ನನಗೆ ಅಷ್ಟು ತಾಳ್ಮೆ ಇಲ್ಲ.

ಈ ಹಿಮದ ಮಾತುಗಳು ಅವರ ಬಾಯಿಗೆ ಬಂದದ್ದು ಲೈಸಾ ಟೀಚರಿಂದ. ಟೀಚರ ಮನೆ ನೆಲ್ಯಾಡಿಗೆ ಹೋಗುವ ದಾರಿಯಲ್ಲಿ, ರಬ್ಬರ್ ಗುಡ್ಡೆಯ ಮೇಲೆ. ಅವರ ಅಪ್ಪ ಕೇರಳದಿಂದ ಬಂದು ಮಾಡಿದ ತೋಟ ಅದು. ಟೀಚರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದರು. ಧರ್ಮಪಾಲಣ್ಣನಿಗೂ ಕಲಿಸಿದರು, ಕೆಲವು ವರ್ಷದ ನಂತರ ನನಗೂ, ತಮ್ಮ ಮಗ ಜಿಮ್ಮಿಗೂ ಒಂದೇ ಕ್ಲಾಸಿನಲ್ಲಿ ಕಲಿಸಿದರು. ಅವರ ಪಾಠದ ರೀತಿಯೇ ಬೇರೆ. ಒಂದು ಮಾತಿನ ಅರ್ಧವನ್ನು ತಾವು ಹೇಳಿ ನಿಲ್ಲಿಸುವರು, ಉಳಿದರ್ಧವನ್ನು ಇಡೀ ಕ್ಲಾಸು ಕೂಗಬೇಕು. "ಸ್ಕೇಟಿಂಗ್ ಆನ್..." ಎಂದು ಅವರು ಕೈ ಎತ್ತಿದರೆ, "ಥಿನ್ ಐಸ್!" ಎಂದು ನಾವು ಹೆಂಚು ಹಾರುವ ಹಾಗೆ ಕೂಗುತ್ತಿದ್ದೆವು. ತೆಳು ನೀರ್ಗಲ್ಲ ಮೇಲೆ ಜಾರುವುದು ಎಂದರೆ ಅಪಾಯದ ಜೊತೆ ಆಡುವುದು ಎಂದು ಆಮೇಲೆ ಅರ್ಥ ಹೇಳುವರು. ಹಿಮ ಎಂದರೆ ಹೇಗಿರುತ್ತದೆ ಎಂದು ಯಾರೋ ಕೇಳಿದಾಗ ಟೀಚರು ಕಿಟಕಿಯಾಚೆ ಕೈ ತೋರಿಸಿದ್ದರು. ದೂರದ ಗುಡ್ಡೆಯಲ್ಲಿ ರಬ್ಬರ್ ಮರಗಳು ಕೆಂಪಾಗಿ ಎಲೆ ಉದುರಿಸುತ್ತಿದ್ದವು. "ನಾನೂ ಹಿಮ ನೋಡಲಿಲ್ಲ ಮಕ್ಕಳೇ. ನಮ್ಮಲ್ಲಿ ಬೀಳುದು ಇದು. ಇದೇ ನಮ್ಮ ವಿಂಟರ್," ಎಂದರು. ಆ ಮಧ್ಯಾಹ್ನ ಇಡೀ ಕ್ಲಾಸು ಪಾಠ ಬಿಟ್ಟು ಎಲೆ ಬೀಳುವುದನ್ನೇ ನೋಡುತ್ತ ಕೂತಿತ್ತು. ಈಗಲೂ ಒಮ್ಮೊಮ್ಮೆ ಮಿಷನ್ ತುಳಿಯುತ್ತ ನಾನು ಆ ಕಿಟಕಿಯ ಹತ್ತಿರ ಹೋಗಿ ಬರುತ್ತೇನೆ.

ಧರ್ಮಪಾಲಣ್ಣ ತಮ್ಮ ಕಾಲದ ಕ್ಲಾಸಿನಲ್ಲಿ ಕೊನೆಯ ಬೆಂಚು. ಎಲ್ಲರೂ ಕೂಗುವಾಗ ಬಾಯಿ ಮಾತ್ರ ಆಡಿಸುತ್ತಿದ್ದರಂತೆ. ಅವರ ಸ್ವರ ಕೇಳುತ್ತಿದ್ದದ್ದು ಹಾಜರಿ ಕರೆಯುವಾಗ ಮಾತ್ರ. "ಪ್ರೆಸೆಂಟ್ ಟೀಚರ್ ಎನ್ನುದು ಒಂದು ಮಾತ್ರ ನನಗೆ ಹೆದರಿಕೆ ಇಲ್ಲದೆ ಬರ್ತಿದ್ದ ಇಂಗ್ಲಿಷ್," ಎಂದು ಅವರೇ ಹೇಳಿದ್ದುಂಟು.

ಅವರು ಪಪ್ಪನಾದದ್ದು ಅಕಸ್ಮಾತ್ತಾಗಿ. ನಮ್ಮ ಕಡೆ ಕ್ರಿಸ್ಮಸ್ಸಿಗೆ ಮುಂಚಿನ ಸಂಜೆಗಳಲ್ಲಿ ಇಗರ್ಜಿಯ ಹಾಡಿನ ತಂಡ ಡೋಲು ಬಾರಿಸುತ್ತ ಮನೆ ಮನೆಗೆ ಹೋಗುತ್ತದೆ. ಜೊತೆಗೆ ಮುಖವಾಡ ಹಾಕಿದ ಪಪ್ಪ ಕುಣಿದು ಮಕ್ಕಳಿಗೆ ಮಿಠಾಯಿ ಎಸೆಯುತ್ತಾನೆ. ಒಂದು ವರ್ಷ ಪಪ್ಪನಾಗಬೇಕಿದ್ದವನ ಕಾಲು ಉಳುಕಿತು. ಜನರೇಟರ್ ಸರಿಮಾಡಲು ಹೋಗಿದ್ದ ಧರ್ಮಪಾಲಣ್ಣನನ್ನು ತಂಡದ ಹಿರಿಯ ಕುರಿಯನ್ ಮೇಲಿನಿಂದ ಕೆಳಗೆ ನೋಡಿದರು. ಹೊಟ್ಟೆಗೆ ತಲೆದಿಂಬು ಕಟ್ಟುವ ಕೆಲಸ ಇರಲಿಲ್ಲ. ಅವತ್ತಿನಿಂದ ಪಪ್ಪ ಅವರೇ.

ಅದರಲ್ಲಿ ಅವರದ್ದೊಂದು ಕಟ್ಟುನಿಟ್ಟು ಉಂಟು. ಮಕ್ಕಳ ಎದುರು ಮುಖವಾಡ ತೆಗೆಯಬಾರದು, ಯಾರು ಹೆಸರು ಹಿಡಿದು ಕರೆದರೂ ತಿರುಗಬಾರದು. "ಮುಖವಾಡ ಹಾಕಿದ ಮೇಲೆ ಧರ್ಮಪಾಲ ಎನ್ನುವವ ಇಲ್ಲ," ಎನ್ನುತ್ತಾರೆ. ಮಗಳು ಸಾಕ್ಷಿಗೂ ಹೇಳಿರಲಿಲ್ಲ. ಅವಳು ಪಿಯುಸಿಗೆ ಹೋಗುವವರೆಗೆ ಅಪ್ಪನೇ ಪಪ್ಪ ಎಂದು ಗೊತ್ತಿಲ್ಲದ ಹಾಗೆ ನಟಿಸಿದಳು ಎಂದು ನನ್ನ ಗುಮಾನಿ. ಒಮ್ಮೆ ಗುಂಪಿನಿಂದ ಯಾರೋ "ಧರ್ಮಪಾಲಾ, ನನ್ನ ಮೋಟಾರು ಎಲ್ಲಿ?" ಎಂದು ಕೂಗಿದಾಗ ಅವರು ಕಿವಿ ಕೇಳದವರಂತೆ ಕುಣಿಯುತ್ತ ಮುಂದೆ ಹೋದರು. ಮರುದಿನ ಅವನ ಮೋಟಾರು ಅಂಗಡಿಯ ಕಟ್ಟಕಡೆಯ ಮೂಲೆಗೆ ಹೋಯಿತು.

ಒಂದು ವರ್ಷ ಲೈಸಾ ಟೀಚರ ಮನೆಯ ಅಂಗಳದಲ್ಲಿ, ನೆಂಟರ ಇಂಗ್ಲಿಷ್ ಮೀಡಿಯಂ ಮಗುವೊಂದು ಪಪ್ಪನ ಅಂಗಿ ಜಗ್ಗಿ, ನಿಮ್ಮ ಊರಿನಲ್ಲಿ ಹೇಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿತು. ಪಪ್ಪ ಕಲ್ಲಾದ. ಪುನಃ ಅದೇ ಕೊನೆಯ ಬೆಂಚು. ಆಗ ಟೀಚರು ಹತ್ತಿರ ಬಂದು, ಟೊಪ್ಪಿ ಸರಿಮಾಡುವ ನೆಪದಲ್ಲಿ ಮುಖವಾಡದ ಕಿವಿಯಲ್ಲಿ ಪಿಸುಗುಟ್ಟಿದರು. ಪಪ್ಪ ಗಂಟಲು ಸರಿಮಾಡಿ, "ಸ್ನೋಡ್ ಅಂಡರ್! ಐ ಆಮ್ ಸ್ನೋಡ್ ಅಂಡರ್!" ಎಂದ. ಅಂಗಳ ಇಡೀ ಚಪ್ಪಾಳೆ. ಆಮೇಲೆ ಪ್ರತಿ ವರ್ಷ ಮಂಜು ಇಳಿಯುವ ಹೊತ್ತಿಗೆ ಅವರು ಟೀಚರ ಪಂಪು ನೋಡುವ ನೆಪದಲ್ಲಿ ಹೋಗಿ ಒಂದು ಹೊಸ ಮಾತು ಕಲಿತು ಬರುವರು. ಟೀಚರು ಬಾವಿಕಟ್ಟೆಯ ಮೇಲೆ ಕೂತು ಅರ್ಧ ಹೇಳುವರು, ಇವರು ಉಳಿದರ್ಧ. ವಯರು ಕಚ್ಚಿಕೊಂಡಿದ್ದರೆ, "ಬಾಯಿಂದ ವಯರ್ ತೆಗಿ ಮಾರಾಯ!" ಎಂದು ಬೈಯುವರು.

ಇದೆಲ್ಲ ಹೋದ ವರ್ಷದವರೆಗಿನ ಮಾತು. ಈ ವರ್ಷ ಜುಲೈ ಕೊನೆಯ ಆಟಿ ತಿಂಗಳ ಮಳೆಯಲ್ಲಿ ಲೈಸಾ ಟೀಚರಿಗೆ ಸ್ಟ್ರೋಕ್ ಆಯಿತು. ಮಂಗಳೂರಿನ ಆಸ್ಪತ್ರೆಯಿಂದ ವಾಪಸ್ ಬರುವಾಗ ಬಲಗೈಯಲ್ಲಿ ಶಕ್ತಿ ಇರಲಿಲ್ಲ, ಬಾಯಲ್ಲಿ ಮಾತು ಇರಲಿಲ್ಲ. ಎಲ್ಲ ಅರ್ಥವಾಗುತ್ತದೆ, ನಗುತ್ತಾರೆ, ಅಳುತ್ತಾರೆ, ಆದರೆ ಮಾತು ನಾಲಿಗೆಯವರೆಗೆ ಬಂದು ಹಿಂದೆ ಹೋಗುತ್ತದೆ. ಸ್ವಂತ ಮಗನ ಹೆಸರೂ ಬರುವುದಿಲ್ಲ. ಮಾತು ಬಂದರೂ ಬರಬಹುದು, ಬಾರದೆಯೂ ಹೋಗಬಹುದು, ಮಾತಾಡಿಸುತ್ತ ಇರಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಧರ್ಮಪಾಲಣ್ಣ ನೋಡಲು ಹೋದರು. ಟೀಚರು ಇವರನ್ನು ಕಂಡು ಬಾಯಿ ತೆರೆದರು. ಏನೋ ಹೇಳಲು ತುಂಬ ಹೊತ್ತು ಕಷ್ಟಪಟ್ಟರು. ಆಗಲಿಲ್ಲ. ಕಣ್ಣಲ್ಲಿ ನೀರು ಬಂತು, ಮುಖ ಕಿಟಕಿಯ ಕಡೆಗೆ ತಿರುಗಿಸಿದರು. ಇವರು ಹೇಳದೆ ಕೇಳದೆ ಎದ್ದು ಬಂದುಬಿಟ್ಟರು. ಅಂಗಡಿಯಲ್ಲಿ ಕೂತು, "ನನಗೆ ಕೋಲ್ಡ್ ಫೀಟ್ ಝುಹ್ರಾ. ಇನ್ನು ಅಲ್ಲಿಗೆ ಹೋಗ್ಲಿಕ್ಕೆ ಧೈರ್ಯ ಇಲ್ಲ," ಎಂದರು. ಕಾಲು ತಣ್ಣಗಾಗುವುದು ಎಂದರೆ ಹಿಂಜರಿಯುವುದು. ಅದರ ನಂತರ ತಿಂಗಳುಗಟ್ಟಲೆ ಅವರ ಬಾಯಿಂದ ಹಿಮದ ಮಾತು ಬರಲಿಲ್ಲ. ಆಮೇಲೆ ಯಾರು ಮೋಟಾರು ಕೇಳಿದರೂ "ನಾಳೆ ಬನ್ನಿ," ಎಂದಷ್ಟೇ. ಭಟ್ಟರು ಕೂಡ ಬಂದು, "ಎಂತ ಧರ್ಮಪಾಲ, ಐಸ್ ಎಲ್ಲ ಕರಗಿತಾ?" ಎಂದು ಕೇಳಿ ಹೋದರು.

ಡಿಸೆಂಬರ್ ಬಂತು. ಗುಡ್ಡೆ ಗುಡ್ಡೆಗಳಲ್ಲಿ, ತೋಟದ ನಡುವೆ, ಜಗಲಿಗಳಲ್ಲಿ ಕಾಗದದ ನಕ್ಷತ್ರಗಳು ಬೆಳಗಿದವು. ಸಂಜೆ ಅಂಗಡಿ ಮುಚ್ಚಿ ಸ್ಕೂಟಿಯಲ್ಲಿ ಹೋಗುವಾಗ ಕತ್ತಲೆಯೊಳಗೆ ಕೆಂಪು, ಹಳದಿ, ನೀಲಿ ಬೆಳಕುಗಳು ತೇಲುತ್ತಿದ್ದವು. ಮನೆ ಕಾಣುವುದಿಲ್ಲ, ಮರ ಕಾಣುವುದಿಲ್ಲ, ನಕ್ಷತ್ರ ಮಾತ್ರ ಕಾಣುತ್ತದೆ. ನಿದ್ದೆಯಲ್ಲಿ ಗಾಡಿ ಓಡಿಸಿದ ಹಾಗೆ ಅನಿಸುವ ದಾರಿ ಅದು. ಲೈಸಾ ಟೀಚರ ಗುಡ್ಡೆಯಲ್ಲಿ ಮಾತ್ರ ಏನೂ ಇರಲಿಲ್ಲ.

ನಕ್ಷತ್ರ ತೂಗುಹಾಕದ ಮನೆ ಎಂದರೆ ಆ ವರ್ಷ ಸಾವಾದ ಮನೆ. ಅಲ್ಲಿ ಹಬ್ಬ ಇಲ್ಲ, ಕೇಕು ಇಲ್ಲ, ಹಾಡಿನ ತಂಡ ಡೋಲು ನಿಲ್ಲಿಸಿ ಸದ್ದಿಲ್ಲದೆ ದಾಟಿ ಹೋಗುತ್ತದೆ. ಅದು ಅವರ ಮರ್ಯಾದೆ. ಕುರಿಯನ್ ಈ ವರ್ಷದ ದಾರಿ ಗೊತ್ತುಮಾಡುವಾಗ ಟೀಚರ ಮನೆಯನ್ನು ಬಿಟ್ಟರು. ಯಾರೂ ಏಕೆ ಎಂದು ಕೇಳಲಿಲ್ಲ. ನಕ್ಷತ್ರ ಇಲ್ಲವಲ್ಲ, ಮನೆಯವರಿಗೆ ಬೇಡ ಎಂದೇ ಅರ್ಥ ಎಂದುಕೊಂಡರು.

ಒಂದು ಮಧ್ಯಾಹ್ನ ಜಿಮ್ಮಿಯ ಹೆಂಡತಿ ಜಿಷಾ ರವಿಕೆ ಕೊಡಲು ಬಂದಳು. ಕುರ್ಚಿಯಲ್ಲಿ ಕೂತವಳು ಏಳಲಿಲ್ಲ.

"ಅಮ್ಮಚ್ಚಿ ಸಂಜೆ ಆದ್ರೆ ಮನೆ ಎದುರಿನ ಸಿಟೌಟಿನಲ್ಲಿ ಕೂತು ದಾರಿ ನೋಡ್ತಾರೆ ಝುಹ್ರಾಕ್ಕ. ಕೆಳಗಿನ ರೋಡಿನಲ್ಲಿ ಡೋಲಿನ ಸದ್ದು ಕೇಳಿದ ಕೂಡಲೇ ಸೀರೆ ಸರಿ ಮಾಡಿ ಕೂರ್ತಾರೆ. ಡೋಲು ನಮ್ಮ ಗೇಟಿನ ಹತ್ತಿರ ಬಂದು ನಿಲ್ತದೆ. ಮತ್ತೆ ಆಚೆ ಮನೆಯಲ್ಲಿ ಕೇಳ್ತದೆ."

"ನಕ್ಷತ್ರ ಯಾಕೆ ಹಾಕ್ಲಿಲ್ಲ ನೀವು?"

"ಅಮ್ಮಚ್ಚಿ ಹೀಗಿರುವಾಗ ಎಂತದು ಹಬ್ಬ, ಅಂತ ಜಿಮ್ಮಿ ಹೇಳಿದ್ರು. ನನಗೂ ಸರಿ ಅನ್ನಿಸಿತು. ಸಾವಿನ ಮನೆ ಅಂತ ಜನ ತಿಳ್ಕೊಳ್ತಾರೆ ಅಂತ ನಮಗೆ ಹೊಳೀಲೇ ಇಲ್ಲ."

ಕೋಪ ಬಂದಾಗ ಕತ್ತರಿ ಕೆಳಗಿಡು ಎಂದು ನನ್ನ ಉಮ್ಮ ಹೇಳುತ್ತಿದ್ದರು. ಇಟ್ಟೆ. ಜಿಷಾಳನ್ನು ಕಳಿಸಿ ಗೋಡೆಯಾಚೆ ಹೋದೆ. ಧರ್ಮಪಾಲಣ್ಣ ತಾಮ್ರದ ತಂತಿ ಸುತ್ತುತ್ತಿದ್ದರು.

"ಬದುಕಿ ಕೂತವರಿಗೆ ನೀವೆಲ್ಲ ಸೇರಿ ಸಾವಿನ ಮನೆಯ ಮರ್ಯಾದೆ ಮಾಡ್ತಾ ಇದ್ದೀರಿ!" ಎಂದೆ. ಜಿಷಾ ಹೇಳಿದ್ದನ್ನೆಲ್ಲ ಹೇಳಿದೆ. ದನಿ ಸ್ವಲ್ಪ ಹೆಚ್ಚಾಗಿಯೇ ಇತ್ತು, ಎದುರಿನ ಹೋಟೆಲಿನವರೂ ಹೊರಗೆ ಬಂದರು.

ಅವರ ಕೈಯ ತಂತಿ ನಿಂತಿತು. ತಮ್ಮಷ್ಟಕ್ಕೇ ಹೇಳಿದ ಹಾಗೆ, "ಲೆಫ್ಟ್ ಔಟ್ ಇನ್ ದ ಕೋಲ್ಡ್," ಎಂದರು. ಎಲ್ಲರೂ ಒಳಗೆ ಬೆಚ್ಚಗಿರುವಾಗ ಒಬ್ಬರನ್ನು ಹೊರಗೆ ಚಳಿಯಲ್ಲಿ ಬಿಡುವುದು. ಆ ಮಾತನ್ನು ಟೀಚರು ಯಾವ ವರ್ಷ ಕಲಿಸಿದ್ದರೋ ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ಎತ್ತುವಾಗ ಮಂಜಿನೊಳಗಿನಿಂದ ಕ್ರಿಸ್ಮಸ್ ಪಪ್ಪ ಸ್ಕೂಟರಿನಲ್ಲಿ ಬಂದ. ಕೆಂಪು ನಿಲುವಂಗಿ, ಗಡ್ಡ, ಮುಖವಾಡ, ಕಾಲಬುಡದಲ್ಲಿ ಸ್ಪ್ಯಾನರಿನ ಚೀಲ.

"ಎಂತ ಅವಸ್ಥೆ ಇದು? ಸಂಜೆ ತಂಡದ ಜೊತೆ ಹೋಗ್ಬಹುದಿತ್ತಲ್ಲ!" ಎಂದೆ.

"ಹತ್ತು ಜನರ ಎದುರು ಟೀಚರನ್ನು ಪರೀಕ್ಷೆಗೆ ಕೂರಿಸ್ಲಿಕ್ಕೆ ಆಗುದಿಲ್ಲ. ಮೊದಲು ಒಬ್ಬನೇ ಹೋಗ್ತೇನೆ," ಎಂದರು ಮುಖವಾಡದ ಒಳಗಿನಿಂದ.

"ಹಾಗಾದ್ರೆ ಈ ವೇಷ ಯಾಕೆ?"

"ಧರ್ಮಪಾಲನಿಗೆ ಧೈರ್ಯ ಇಲ್ಲ ಝುಹ್ರಾ. ಪಪ್ಪನಿಗೆ ಉಂಟು."

ಬಾಗಿಲು ಪುನಃ ಇಳಿಸಿ ನನ್ನ ಸ್ಕೂಟಿ ತೆಗೆದೆ. ಅವರ ಹಿಂದೆ ಹೋದೆ. ಆ ಬೆಳಗು ನಾನು ಕಂಡದ್ದೋ ಕನಸೋ ಎಂದು ಈಗಲೂ ಒಮ್ಮೊಮ್ಮೆ ಅನುಮಾನ ಬರುತ್ತದೆ. ರಸ್ತೆಯ ಎರಡೂ ಕಡೆ ಮಂಜು, ನಡುವೆ ಆ ಕೆಂಪು ಬೆನ್ನು. ಉಪ್ಪಿನಂಗಡಿಯ ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಗೆ ಬಂದವು, ಯಾರೂ ಕೂಗಲಿಲ್ಲ. ಶಾಲೆಗೆ ಹೊರಟ ಮಕ್ಕಳು ಬೆರಳು ಬಾಯಲ್ಲಿಟ್ಟು ನಿಂತರು. ಒಂದು ನಾಯಿ ಬೊಗಳಲು ಎದ್ದು ಹಾಗೇ ಕೂತಿತು. ಗುಡ್ಡೆ ಹತ್ತಿದ ಮೇಲೆ ರಬ್ಬರ್ ಮರಗಳು ಶುರುವಾದವು. ಗಾಳಿ ಇಲ್ಲದಿದ್ದರೂ ಎಲೆ ಬೀಳುತ್ತಿತ್ತು, ಒಂದು, ಆಮೇಲೆ ಇನ್ನೊಂದು, ಕೆಂಪಗೆ, ಅವಸರವಿಲ್ಲದೆ. ಅವರ ಟೊಪ್ಪಿಯ ಮೇಲೊಂದು ಬಿದ್ದು ಅಲ್ಲೇ ಕೂತಿತು. ಮರದಡಿ ರಬ್ಬರ್ ಹಾಲು ತೆಗೆಯುತ್ತಿದ್ದವನು ಕತ್ತಿ ಹಿಡಿದುಕೊಂಡೇ ಕೈಮುಗಿದ. ಯಾವ ದೇವರೆಂದುಕೊಂಡನೋ.

ಲೈಸಾ ಟೀಚರು ಸಿಟೌಟಿನಲ್ಲಿ ಕೂತಿದ್ದರು. ಬಿಳಿ ಶಾಲು, ಮಡಿಲಲ್ಲಿ ಬಲಗೈ. ಪಪ್ಪನನ್ನು ನೋಡಿ ಅವರ ಹುಬ್ಬು ಮೇಲೆ ಹೋಯಿತು. ಜಿಮ್ಮಿಯೂ ಜಿಷಾಳೂ ಒಳಗಿಂದ ಬಂದು ಬಾಗಿಲಲ್ಲೇ ನಿಂತರು.

ಪಪ್ಪ ಅಂಗಳದಲ್ಲಿ ಕುಣಿದ. ಡೋಲಿಲ್ಲ, ಹಾಡಿಲ್ಲ, ಒಣ ಎಲೆಯ ಸದ್ದು ಮಾತ್ರ. ಆಮೇಲೆ ಅವರು ಟೀಚರ ಎದುರು ನಿಂತು ಕಲಿತದ್ದನ್ನೆಲ್ಲ ಹೇಳಿದರು. ಸ್ನೋಡ್ ಅಂಡರ್ ಹೇಳಿದರು. ಕೋಲ್ಡ್ ಶೋಲ್ಡರ್ ಹೇಳಿದರು. ಬ್ರೇಕ್ ದ ಐಸ್ ಎಂದು ಹೇಳಿ, ಮೊದಲ ಮಾತು ಆಡಿ ಸಂಕೋಚ ಮುರಿಯುವುದು ಎಂದು ಅರ್ಥವನ್ನೂ ಹೇಳಿದರು. ಒಂದೂ ತಪ್ಪಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹೀಗೆ ಹೇಳಿದ್ದರೆ ರ‍್ಯಾಂಕು ಬರುತ್ತಿತ್ತು. ಟೀಚರು ಒಂದೊಂದಕ್ಕೂ ತಲೆಯಾಡಿಸಿದರು. ಬಾಯಿ ತೆರೆದರು. ಮಾತು ಬರಲಿಲ್ಲ. ಕೊನೆಗೆ ಹೇಳಲು ಇವರಲ್ಲೂ ಏನೂ ಉಳಿಯಲಿಲ್ಲ.

ಧರ್ಮಪಾಲಣ್ಣ ಮುಖವಾಡ ತೆಗೆದು ಮೆಟ್ಟಿಲ ಮೇಲೆ ಕೂತರು. ಮಕ್ಕಳು ಯಾರೂ ಇರಲಿಲ್ಲ, ಜಿಮ್ಮಿಯ ಪುಟ್ಟ ಮಗಳು ಶಾಲೆಗೆ ಹೋಗಿದ್ದಳು. ಮೀಸೆಯೆಲ್ಲ ಬೆವರು.

"ಜಿಮ್ಮಿ, ಹಳೆ ನಕ್ಷತ್ರ ಉಂಟಾ?" ಎಂದು ಕೇಳಿದರು.

ಜಿಮ್ಮಿ ಅಟ್ಟದಿಂದ ತಂದ. ಇಲಿ ವಯರು ಕಡಿದಿತ್ತು, ಕಾಗದ ಎರಡು ಕಡೆ ಹರಿದಿತ್ತು. ಕಾಗದದ ಕೆಲಸ ನನಗೆ ಬಿತ್ತು. ಧರ್ಮಪಾಲಣ್ಣ ಚೀಲದಿಂದ ಹೊಸ ವಯರು ತೆಗೆದು ಕೂತರು. ಅಷ್ಟು ಹೊತ್ತಿಗೆ ಅವರು ಪಪ್ಪನೂ ಅಲ್ಲ, ಶಿಷ್ಯನೂ ಅಲ್ಲ. ಕಡಬದ ಪಂಪ್ ರಿಪೇರಿಯವರು, ಅಷ್ಟೇ. ಕೆಲಸ ಕೈಗೆ ಬಂದ ಮೇಲೆ ಅವರ ಮುಖದಲ್ಲಿದ್ದ ಹೆದರಿಕೆಯೂ ಹೋಗಿತ್ತು.

"ಬೇಗ ಆಗ್ತದಾ ಅಣ್ಣ? ವಯರು ಒಂದೇ ಅಲ್ವಾ ಹೋದದ್ದು?" ಎಂದ ಜಿಮ್ಮಿ.

"ಎಲ್ಲಿ ಬೇಗ? ಹೋಲ್ಡರ್ ತುಕ್ಕು ಹಿಡಿದಿದೆ, ಸ್ವಿಚ್ ಸುಟ್ಟಿದೆ. ಈ ವಯರು ಎಂತ ಮಾರಾಯ, ಇದು ಬರೀ ಟಿಪ್ ಆಫ್ ದ..."

ವಯರು ಬಾಯಿಗೆ ಹೋಯಿತು. ಹಲ್ಲಿನ ಕಚ್ಚಿನಲ್ಲಿ ಅದನ್ನು ಕೂರಿಸಿ, ಕಣ್ಣು ಮುಚ್ಚಿ ಅವರು ಎಳೆಯತೊಡಗಿದರು. ಮಾತು ಅರ್ಧದಲ್ಲಿ ನಿಂತಿತು. ನಾನು ಎಂದಿನ ಹಾಗೆ ಒಳಗೊಳಗೇ ರೇಗಿದೆ.

"ಐಸ್‌ಬರ್ಗ್."

ಹೇಳಿದ್ದು ಯಾರು ಎಂದು ಮೊದಲು ತಿಳಿಯಲಿಲ್ಲ. ದನಿ ಒಣಗಿತ್ತು. ಜಿಷಾಳ ಕೈಯಿಂದ ಗೋಂದಿನ ಬಾಟಲಿ ಬಿತ್ತು. ಟೀಚರು ಕುರ್ಚಿಯಲ್ಲಿ ಮುಂದೆ ಬಾಗಿದ್ದರು, ಅವರಿಗೇ ಆಶ್ಚರ್ಯವಾದ ಹಾಗಿತ್ತು ಮುಖ.

ಧರ್ಮಪಾಲಣ್ಣ ಬಾಯಲ್ಲಿ ವಯರಿದ್ದ ಹಾಗೇ ಕೂತಿದ್ದರು. ಆಮೇಲೆ ಮೆಲ್ಲ ತೆಗೆದರು. ಅವರು ಅಳುತ್ತಿದ್ದರು, ಅದನ್ನು ಮುಚ್ಚಿಡಲೂ ಇಲ್ಲ.

"ಸ್ಕೇಟಿಂಗ್ ಆನ್..." ಎಂದರು.

ಟೀಚರ ತುಟಿ ಅಲುಗಿತು. "ಥಿನ್... ಐಸ್."

"ಗಿವ್ ದ ಕೋಲ್ಡ್..."

"ಶೋಲ್ಡರ್."

ನಾವು ಇಷ್ಟು ತಿಂಗಳು ಅವರಿಗೆ ಮಾತು ಪೂರ್ತಿ ಮಾಡಿ ಮಾಡಿ ಕೊಟ್ಟೆವು. ನೀರು ಬೇಕಾ, ಊಟ ಆಯ್ತಾ, ಮಲಗ್ತೀರಾ, ಎಲ್ಲ ನಾವೇ ಹೇಳಿ ಮುಗಿಸಿದೆವು. ಅವರಿಗೆ ಅರ್ಧ ಬಿಟ್ಟುಕೊಡಬೇಕಿತ್ತು. ಅವರದ್ದೇ ಪಾಠ, ನಲವತ್ತು ಮಕ್ಕಳ ಕೈಯಲ್ಲಿ ದಿನವೂ ಕೂಗಿಸಿದ್ದು, ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಜಿಮ್ಮಿ ಓಡಿ ಬಂದು ಮೊಣಕಾಲೂರಿ ಕೂತ. "ಅಮ್ಮಚ್ಚೀ, ನಾನು ಯಾರು? ಹೇಳಿ, ಜಿ..." ಎಂದ. ಟೀಚರು ಅವನ ಮುಖವನ್ನೇ ನೋಡಿದರು. ಎಡಗೈಯಿಂದ ಅವನ ಕೆನ್ನೆ ಮುಟ್ಟಿದರು. ಹೆಸರು ಬರಲಿಲ್ಲ. ಇಂಗ್ಲಿಷಿನ ಹಳೆಯ ಮಾತುಗಳು ಬಂದವು, ಮಗನ ಹೆಸರು ಬರಲಿಲ್ಲ. ಅವನು ಎದ್ದು ಬಾವಿಯ ಹತ್ತಿರ ಹೋಗಿ ನಿಂತ.

ನಕ್ಷತ್ರ ಮಾತ್ರ ಮಧ್ಯಾಹ್ನದೊಳಗೆ ಜಗಲಿಯ ಮಾಡಿನಲ್ಲಿ ತೂಗಿತು. ಹಗಲಿನಲ್ಲೇ ಸ್ವಿಚ್ ಹಾಕಿಟ್ಟರು. ಕುರಿಯನ್ನರಿಗೆ ನಾನೇ ಫೋನ್ ಮಾಡಿದೆ. ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಅವರು ಪಾಪ, "ನಮ್ಮಿಂದ ತಪ್ಪಾಯ್ತು ಝುಹ್ರಾ, ಇವತ್ತು ಮೊದಲ ಮನೆಯೇ ಅದು," ಎಂದರು.

ಸೂರ್ಯ ಇಳಿಯುವ ಹೊತ್ತಿಗೆ ತಂಡ ಬಂತು. ಮರಗಳ ನಡುವೆ ಇನ್ನೂ ಬೆಳಕಿತ್ತು, ನಕ್ಷತ್ರದಲ್ಲೂ ಬೆಳಕಿತ್ತು, ಎರಡೂ ಸೇರಿ ಅಂಗಳಕ್ಕೆ ಒಂದು ಮಾಗಿದ ಹಣ್ಣಿನ 
ಬಣ್ಣ ಬಂದಿತ್ತು. ಡೋಲು ಈ ಸಲ ಗೇಟಿನಲ್ಲಿ ನಿಲ್ಲಲಿಲ್ಲ. ಟೀಚರು ಸೀರೆ ಸರಿ ಮಾಡಿ ಕೂತಿದ್ದರು. ಎಲ್ಲರೂ ಹಾಡಿದರು. ನಡುವೆ ಪಪ್ಪ, ಮುಖವಾಡ ಹಾಕಿ, ಬೆಳಗ್ಗಿನದ್ದೆಲ್ಲ ಬೇರೆ ಯಾರಿಗೋ ಆದದ್ದು ಎಂಬಂತೆ ಕುಣಿಯುತ್ತಿದ್ದ. ಜಿಮ್ಮಿಯ ಮಗಳು ಅವನ ಕೈ ಹಿಡಿದು ಸುತ್ತುತ್ತಿದ್ದಳು. ಅವಳಿಗೆ ಆ ಪಪ್ಪ ಹಿಮದ ಊರಿನಿಂದಲೇ ಬಂದವನು, ಅದರಲ್ಲಿ ಅವಳಿಗೆ ಅನುಮಾನ ಇರಲಿಲ್ಲ.

ಹಾಡು ಮುಗಿದು ಡೋಲು ನಿಂತಾಗ ಟೀಚರು ಎಡಗೈ ಎತ್ತಿದರು. ಅವರು ಪಪ್ಪನನ್ನೇ ನೋಡುತ್ತಿದ್ದರು. ತುಟಿ ಕೂಡಿತು, ಬಿಟ್ಟಿತು, ಪುನಃ ಕೂಡಿತು. ಅರ್ಧ ಮಾತು ಯಾರೂ ಕೊಟ್ಟಿರಲಿಲ್ಲ.

"ಧರ್ಮ...ಪಾಲ."

ಪಪ್ಪ ತಿರುಗಲಿಲ್ಲ. ಇಷ್ಟು ವರ್ಷದ ಅಭ್ಯಾಸ, ಬೆನ್ನು ಹಾಗೇ ನಿಂತಿತು. ಕೈಯಲ್ಲಿ ಮಗುವಿನ ಕೈ ಇತ್ತು, ಸುತ್ತ ಊರಿನ ಮಕ್ಕಳೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ತಿರುಗಿದರೆ ಆ ಮಕ್ಕಳಿಗೆ ಪಪ್ಪ ಇಲ್ಲ. ತಿರುಗದಿದ್ದರೆ ಟೀಚರ ಬಾಯಿಗೆ ಬಂದ ಮೊದಲ ಹೆಸರು ಉತ್ತರ ಇಲ್ಲದೆ ಬೀಳುತ್ತದೆ.

"ಧರ್ಮಪಾಲ," ಎಂದರು ಟೀಚರು ಇನ್ನೊಮ್ಮೆ. ಈ ಸಲ ಹೆಸರು ಒಡೆಯಲಿಲ್ಲ. ಅದು ಹಾಜರಿ ಕರೆಯುವ ಸ್ವರ. ಆ ಸ್ವರ ಕೇಳಿ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಅವರು ಮಗುವಿನ ಕೈ ಬಿಟ್ಟರು. ತಿರುಗಿ ನಿಂತು, ಟೊಪ್ಪಿ ತೆಗೆದರು, ಗಡ್ಡ ತೆಗೆದರು, ಮುಖವಾಡ ತೆಗೆದು ಕಂಕುಳಲ್ಲಿ ಇಟ್ಟರು. ಮಕ್ಕಳಲ್ಲಿ ಯಾರೋ "ಪಂಪ್ ಮಾಮ!" ಎಂದರು. ಕೊನೆಯ ಬೆಂಚಿನ ಹುಡುಗ ಎದ್ದು ನಿಂತ ಹಾಗೆ ಕೈ ಕಟ್ಟಿ ನಿಂತು ಧರ್ಮಪಾಲಣ್ಣ ಹೇಳಿದರು:

"ಪ್ರೆಸೆಂಟ್, ಟೀಚರ್."

ಟೀಚರು ಹಾಜರಿ ಪುಸ್ತಕದಲ್ಲಿ ಗುರುತು ಹಾಕುವ ಹಾಗೆ ಎಡಗೈಯ ಬೆರಳಲ್ಲಿ ಗಾಳಿಯಲ್ಲಿ ಒಂದು ಗೀಟು ಎಳೆದರು. ಆಮೇಲೆ ತಲೆಯೆತ್ತಿ, ಮುಂದಿನ ಹೆಸರು ಹುಡುಕುವವರ ಹಾಗೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು. ಯಾರೂ ಹೇಳದೆಯೇ ನಾವೆಲ್ಲ ಸಾಲಾಗಿ ನಿಂತಿದ್ದೆವು, ಡೋಲಿನವರು, ಕುರಿಯನ್, ಜಿಷಾ, ನಾನು. ಎಲೆಗಳು ಬೀಳುತ್ತಿದ್ದವು. ಎಲ್ಲರಿಗಿಂತ ಮುಂದೆ ಜಿಮ್ಮಿ ನಿಂತಿದ್ದ, ಕೈ ಕಟ್ಟಿಕೊಂಡು, ತನ್ನ ಹೆಸರಿಗೆ ಕಾಯುತ್ತ.